ಒಂದು ಬೀಡಿಯಷ್ಟು ಹೊತ್ತು

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಹಮಾಲರ ತಂಡ ನಡೆಸುವ ಮುಕಾದಮರೊಬ್ಬರ ಕೈಗೆ ನನ್ನ ನೇಮಕಾತಿ ಪತ್ರ ಕೊಟ್ಟು, ಅವರ ಬೀಡಿ ಮುಗಿಯುವ ತನಕ ಕೈಕಟ್ಟಿ ಎದುರಿಗೆ ನಿಂತಿದ್ದೆ. ಅವರೇ ಮ್ಯಾನೇಜರ್ ಎಂದುಕೊಂಡಿದ್ದೆ.

ತಪ್ಪು ಪೂರ್ತಿ ನನ್ನದಲ್ಲ. ಡೊಂಬಿವಲಿಯಿಂದ ಸಮುದ್ರದ ನೀರು ಒಳಬರುವ ಖಾಡಿಯ ಮೇಲಿನ ಹೊಸ ಸೇತುವೆ ದಾಟಿ, ಮಾಣಕೋಲಿಯಲ್ಲಿ ಶೇರ್ ರಿಕ್ಷಾ ಇಳಿದು, ಭಿವಂಡಿಯ ಗೋದಾಮುಗಳ ಸಾಲಿನಲ್ಲಿ ನಮ್ಮದು ಯಾವುದೆಂದು ಹುಡುಕುವಷ್ಟರಲ್ಲಿ ನನ್ನ ಪಾಲಿಶ್ ಮಾಡಿದ ಬೂಟು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೊರಳಲ್ಲಿ ಲೋಕನಾಥ ಮಾವನ ಟೈ. ಗೋದಾಮಿಗೆ ಟೈ ಕಟ್ಟಿಕೊಂಡು ಹೋದ ಮೊದಲ ಬಿಲ್ ಕ್ಲಾರ್ಕ್ ನಾನೇ ಇರಬೇಕು. ಲಕ್ಷ್ಮೀಕಾಂತ ಎಂಬ ಮ್ಯಾನೇಜರರನ್ನು ಕಾಣಬೇಕೆಂದು ಹೇಳಿ ಕಳಿಸಿದ್ದರು. ಒಳಗೆ ಕಾಲಿಟ್ಟಾಗ ಲಾರಿಯಿಂದ ವಾಷಿಂಗ್ ಮಶೀನುಗಳು ಇಳಿಯುತ್ತಿದ್ದವು. ಬಿಳಿ ಅಂಗಿ ತೊಟ್ಟು, ತಲೆಗೆ ಕೆಂಪು ವಸ್ತ್ರ ಸುತ್ತಿದ್ದ ಒಬ್ಬ ಸಣಕಲು ಹಿರಿಯರು ಗೋಡೆಯ ಹೊರಬದಿಯ ಕಟ್ಟಿಗೆಯ ಹಲಗೆಗಳ ಮೇಲೆ ಹೋಗಿ ಕೂತರು, ಕಿಸೆಗೆ ಕೈ ಹಾಕಿದರು. ಅವರು ಕಡ್ಡಿ ಗೀರುವ ಮುಂಚೆಯೇ ಇಡೀ ಗೋದಾಮು ಕೂತಿತು. ಅರ್ಧ ಎತ್ತಿದ್ದ ಪೆಟ್ಟಿಗೆಯನ್ನು ಇಬ್ಬರು ಮೆಲ್ಲಗೆ ಕೆಳಗಿಟ್ಟು ಅದಕ್ಕೇ ಒರಗಿ ಕೂತರು. ಲಾರಿ ಡ್ರೈವರನೂ ಕೂತ. ಇಷ್ಟು ಅಧಿಕಾರ ಇರುವವರು ಮ್ಯಾನೇಜರ್ ಅಲ್ಲದೆ ಇನ್ಯಾರು?

ಹೋಗಿ ಪತ್ರ ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನನ್ನ ಟೈಯನ್ನೂ ಅಷ್ಟೇ ಗಮನವಿಟ್ಟು ನೋಡಿದರು.

"ಬೀಡಿ ಮುಗೀಲಿ ತಮ್ಮಾ. ಆಮ್ಯಾಲ ನೋಡಮು."

ನಿಂತೆ. ಬೀಡಿ ಮುಗಿಯಿತು. ತುಂಡನ್ನು ಗೋಡೆಗೆ ಒತ್ತಿ ಆರಿಸಿ ಅವರು ಎದ್ದರು. ಎಲ್ಲರೂ ಎದ್ದರು. ಆಗ ಪತ್ರವನ್ನು ನನ್ನ ಕೈಗೆ ಮರಳಿಸಿ ಗಂಭೀರವಾಗಿ ಹೇಳಿದರು: "ನಿನ್ನ ನೌಕರಿ ಪಕ್ಕಾ ಆಯ್ತು. ಖರೆ, ಪಗಾರ ಆ ಗಾಜಿನ ಖೋಲ್ಯಾಗ ಕುಂತಾವ ಕೊಡ್ತಾನ. ಅವಂಗೂ ಒಂದು ಮಾತು ಹೇಳಿ ಹೋಗು."

ಇಡೀ ಗೋದಾಮು ನಕ್ಕ ಆ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಆ ಮುಕಾದಮರೇ ಶಿವರಾಯ ಕಾಕಾ. ಆಮೇಲೆ ಯಾರಿಗೆ ನನ್ನ ಪರಿಚಯ ಮಾಡಿಕೊಟ್ಟರೂ "ಇವಗ ನೌಕರಿ ಕೊಟ್ಟಾವ ನಾನು" ಎಂದೇ ಶುರು ಮಾಡುತ್ತಿದ್ದರು. ಟೈಯನ್ನು ಆ ಸಂಜೆಯೇ ಮಾವನಿಗೆ ಮರಳಿಸಿದೆ.

ಅವರು ಕೂತಾಗ ಎಲ್ಲರೂ ಕೂರುವುದು ಯಾಕೆ ಎಂದು ತಿಳಿಯಲು ಸ್ವಲ್ಪ ದಿನ ಹಿಡಿಯಿತು. ನಮ್ಮ ಗೋದಾಮಿನಲ್ಲಿ ಊಟದ ಹೊತ್ತು ಬಿಟ್ಟರೆ ವಿಶ್ರಾಂತಿ ಎಂಬುದಿಲ್ಲ. ಆದರೆ ಬೀಡಿ ಇದೆ. ಒಳಗೆ ಸೇದುವಂತಿಲ್ಲ, ಹೊರಗಿನ ಗೋಡೆಯ ಬಳಿ ಸೇದಬಹುದು. ಈ ನಿಯಮವನ್ನು ಯಾರೂ ಬರೆದಿಲ್ಲ, ಭಿವಂಡಿಯ ಹಮಾಲರಿಗೆಲ್ಲ ಬಾಯಿಪಾಠ. ಬರಿಗೈಯಲ್ಲಿ ಕೂತವನು ಮೈಗಳ್ಳ, ಕಾಮ್‌ಚೋರ್, ಬೀಡಿ ಹಿಡಿದು ಕೂತವನು ಬೀಡಿ ಸೇದುತ್ತಿರುವವನು. ಟೋಳಿಗೆ, ಅಂದರೆ ಹಮಾಲರ ತಂಡಕ್ಕೆ, ಮುಕಾದಮರ ಬೀಡಿಯೇ ಗಡಿಯಾರ. ಅದು ಹೊತ್ತಿಕೊಂಡರೆ ಕೂರಬೇಕು, ಆರಿದರೆ ಏಳಬೇಕು. ನಡುವೆ ಲಕ್ಷ್ಮೀಕಾಂತರು ಬಂದರೂ ಏನೂ ಅನ್ನುವುದಿಲ್ಲ. ಅವರು ಬೆಂಗಳೂರಿನವರು, ಕೆಟ್ಟವರಲ್ಲ. ಕೈಯಲ್ಲಿ ಬೀಡಿ ಕಂಡರೆ ಸಾಕು, ಅವರ ಕಣ್ಣು ಮುಂದಕ್ಕೆ ಹೋಗುತ್ತದೆ.

ಶಿವರಾಯ ಕಾಕಾ ಈ ವಿದ್ಯೆ ಕಲಿತದ್ದು ಇಲ್ಲಲ್ಲ. ಜೇವರ್ಗಿ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ಪ್ರಾಯದಲ್ಲಿ ಬಂದು ಅವರು ಮೊದಲು ಕೆಲಸಕ್ಕೆ ನಿಂತದ್ದು ನೆರೂಳಿನಲ್ಲಿ. ನವಿ ಮುಂಬಯಿಯ ಬಿಲ್ಡಿಂಗುಗಳು ಏಳುತ್ತಿದ್ದ ಕಾಲ. ತಲೆಯ ಮೇಲೆ ಇಟ್ಟಿಗೆ ಹೊತ್ತು ಮೇಲಕ್ಕೆ ಹತ್ತುವುದು, ಬರಿಗೈಯಲ್ಲಿ ಇಳಿಯುವುದು. ಒಂದು ಮಧ್ಯಾಹ್ನ ಸಿಮೆಂಟ್ ಚೀಲಗಳ ನೆರಳಲ್ಲಿ ಕೂತರಂತೆ. ಪಕ್ಕದಲ್ಲಿ ಇನ್ನೊಬ್ಬನೂ ಕೂತಿದ್ದ. ಗುತ್ತಿಗೆದಾರನ ಮನುಷ್ಯ ಬಂದು ಇವರನ್ನಷ್ಟೇ ಕೇಳಿದ, ಯಾಕೆ ಕೂತಿದ್ದೀಯ ಅಂತ.

"ದಣದೀನ್ರಿ ಅಂದೆ. ನಾಳಿಂದ ಬರಬ್ಯಾಡ ಅಂದ," ಎಂದು ಕಾಕಾ ಹೇಳಿದ್ದರು. "ಬಾಜೂಕ ಕುಂತಾವ್ನ ಕೈಯಾಗ ಬೀಡಿ ಇತ್ತು. ಅವಂಗ ಏನೂ ಕೇಳ್ಲಿಲ್ಲ. ಮುಂದಿನ ಕೆಲಸಕ್ಕ ಹೋಗೂದ್ರಾಗ ನಾನೂ ಬೀಡಿ ಕಟ್ಟು ಇಟಗೊಂಡೇ ಹೋದೆ."

ಆಮೇಲೆ ತುರ್ಭೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೀಲ ಹೊತ್ತರು. ಆಮೇಲೆ ಭಿವಂಡಿ. ಬೆನ್ನಿನ ಮೇಲಿನ ಭಾರ ಬದಲಾಗುತ್ತ ಹೋಯಿತು, ಬಾಯಲ್ಲಿನ ಬೀಡಿ ಅದೇ. ಅವರ ಅಣ್ಣನ ಮಗ ಜೈಭೀಮ ಟೋಳಿಗೆ ಸೇರಿದಾಗ ಅವನಿಗೆ ಬೀಡಿಯ ಚಟ ಇರಲಿಲ್ಲ. ಬರಿಗೈಯಲ್ಲಿ ಕೂತು ಬೈಸಿಕೊಂಡ. ಕೆಲವೇ ದಿನಗಳಲ್ಲಿ ಅವನ ಬಾಯಲ್ಲಿ ಬೀಡಿ ಕಂಡು ಕಾಕಾ ಕಪಾಳಕ್ಕೊಂದು ಕೊಟ್ಟರು. ಮತ್ತೆ ಅವರೇ ಕಡ್ಡಿ ಗೀರಿ ಹಚ್ಚಿಕೊಟ್ಟರು. ಬೇರೆ ದಾರಿ ಅವರಿಗೂ ಗೊತ್ತಿರಲಿಲ್ಲ.

ನನ್ನ ಮಾತು ಬೇಡ. ನಾನು ದಿನವಿಡೀ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ಪೆಟ್ಟಿಗೆಗಳ ಮೇಲಿನ ಬಾರ್ ಕೋಡಿನ ಪಟ್ಟೆಗಳಿಗೆ ಮಶೀನು ತೋರಿಸಿ ಟಿಕ್ ಅನ್ನಿಸುವವನು. ಆದರೂ ಕಾಕಾ ಬೀಡಿ ಹಚ್ಚಿದಾಗ ನಾನೂ ಹೊರಗೆ ಹೋಗಿ ಅವರೊಂದಿಗೆ ಕೂರುತ್ತಿದ್ದೆ. ಕೂತು ಕೂತು ದಣಿದವನು ವಿಶ್ರಾಂತಿಗೆಂದು ಮತ್ತೆ ಕೂತ ಹಾಗೆ.

ಎರಡು ವರ್ಷದ ಹಿಂದಿನ ಮಳೆಗಾಲದ ನಂತರ ಕಾಕಾರ ಬೀಡಿ ಉದ್ದವಾಗತೊಡಗಿತು. ಮೊದಲು ಕೂತಲ್ಲೇ ಸೇದುತ್ತಿದ್ದವರು ಈಗ ಬೀಡಿ ಹಚ್ಚಿ ಗೋಡೆಯ ಮೂಲೆ ತಿರುಗಿ ಹೋಗುತ್ತಿದ್ದರು. ಅಲ್ಲೇ ನಮ್ಮ ಹಮಾಲರು ಮೂತ್ರಕ್ಕೆ ಹೋಗುವ ಜಾಗ. ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಂದು ಮತ್ತೊಂದು ಬೀಡಿ ಹಚ್ಚಿ ಮತ್ತೆ ಹೋಗುತ್ತಿದ್ದರು. ಟೋಳಿಗೆ ಸುಗ್ಗಿ. ಕಾಕಾಗೆ ವಯಸ್ಸಾದಂತೆ ಮನಸ್ಸು ಮೆತ್ತಗಾಯಿತು ಎಂದು ಹುಡುಗರು ಮಾತಾಡಿಕೊಂಡರು. ಬೀಡಿ ಜಾಸ್ತಿಯಾಯಿತು ಕಾಕಾ ಎಂದು ನಾನು ಒಮ್ಮೆ ಉಪದೇಶದ ದನಿಯಲ್ಲಿ ಹೇಳಿದ್ದುಂಟು. ನಿನಗೆ ನೌಕರಿ ಕೊಟ್ಟದ್ದೇ ತಪ್ಪಾಯಿತು ಎಂದು ಅವರು ನಕ್ಕಿದ್ದರು.

ಸೊಂಟ ನೋಯುತ್ತದೆ ಎಂದೂ ಹೇಳುತ್ತಿದ್ದರು. ಅದನ್ನು ಯಾರು ಕೇಳುತ್ತಾರೆ? ಸೊಂಟ ನೋಯದ ಹಮಾಲ ಹಮಾಲನೇ ಅಲ್ಲ. ರಸ್ತೆಗಳು ಕೂಡುವ ನಾಕಾದ ಡಾಕ್ಟರರು ಇಂಜೆಕ್ಷನ್ ಕೊಟ್ಟರು, ಅಗಲವಾದ ಪಟ್ಟಿ ಕಟ್ಟಿಕೊಳ್ಳಲು ಹೇಳಿದರು. ಕಾಕಾ ಪಟ್ಟಿ ಕಟ್ಟಿಕೊಂಡರು.

ಅದೇ ದಿನಗಳಲ್ಲಿ ಲೋಕನಾಥ ಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಮಾವ ಎಂದರೆ ಅಮ್ಮನ ಅಣ್ಣ. ಠಾಣೆಯ ಒಂದು ಹೊಟೇಲಿನ ಪಾಲುದಾರ, ಘೋಡಬಂದರ್ ರಸ್ತೆಯಲ್ಲಿ ಮನೆ. ಅವರಿಗೆ ಯಾವ ನೋವೂ ಇರಲಿಲ್ಲ, ಯಾವ ತೊಂದರೆಯೂ ಇರಲಿಲ್ಲ. ಅವರ ಹೌಸಿಂಗ್ ಸೊಸೈಟಿಯಲ್ಲಿ ಪ್ರತಿವರ್ಷ ಹಿರಿಯರ ರಕ್ತ ಪರೀಕ್ಷೆಯ ಶಿಬಿರ ನಡೆಯುತ್ತದೆ, ಅಲ್ಲಿ ಸಿಕ್ಕಿಬಿತ್ತು. ಗ್ರಂಥಿಯ ಒಳಗೇ ಇದೆ, ಹೊರಗೆ ದಾಟಿಲ್ಲ ಎಂದರು. ಆಪರೇಶನ್ ಆಯಿತು. ನಾನು ಆಸ್ಪತ್ರೆಯ ತಂಪು ಕೋಣೆಯಲ್ಲಿ ಅವರ ಜೊತೆ ಮಲಗಿ, ರಕ್ತದಲ್ಲಿ ಪ್ರಾಸ್ಟೇಟಿನ ಸುಳಿವು ಕೊಡುವ ಪಿಎಸ್‌ಎ, ಬಯಾಪ್ಸಿ ಎಂಬ ಮಾತುಗಳನ್ನು ಕಲಿತು ಅರ್ಧ ಡಾಕ್ಟರನಾದೆ. ಮಾವ ಸಿಗರೇಟು ಬಿಟ್ಟರು. ಈಗ ಬೆಳಿಗ್ಗೆ ಉಪವನ ಕೆರೆಯ ಸುತ್ತ ನಡೆಯುತ್ತಾರೆ, ಸಿಗರೇಟು ಸೇದುವವರನ್ನು ಕಂಡರೆ ಬೈಯುತ್ತಾರೆ.

ಗೋದಾಮಿನಲ್ಲಿ ಒಂದು ದಿನ ಕಾಕಾ ಬೀಡಿ ಹಚ್ಚಿ ಕೂತರು. ಬೀಡಿ ಮುಗಿಯಿತು, ಗೋಡೆಗೆ ಒತ್ತಿದರು. ಏಳಲಿಲ್ಲ. ಟೋಳಿ ಅವರ ಮುಖ ನೋಡುತ್ತ ಕೂತೇ ಇತ್ತು. ಲಾರಿಯವನು ಹಾರ್ನ್ ಹೊಡೆದ. ಕಾಕಾ ಎರಡೂ ಕೈ ಹಲಗೆಗೆ ಊರಿದರು, ಏಳಲು ಆಗಲಿಲ್ಲ. ಕಾಲು ತನ್ನ ಮಾತು ಕೇಳುತ್ತಿಲ್ಲ ಎಂದು ಮೆಲ್ಲಗೆ ಜೈಭೀಮನಿಗೆ ಹೇಳಿದರು. ಅಷ್ಟು ಜನ ಒಟ್ಟಿಗೆ ಅಷ್ಟು ಹೊತ್ತು ಕೂತದ್ದನ್ನು ನಾನು ಆ ಗೋದಾಮಿನಲ್ಲಿ ಅದೇ ಮೊದಲು ನೋಡಿದ್ದು.

ಕಲ್ಯಾಣದ ಆಸ್ಪತ್ರೆಯಲ್ಲಿ ಬೆನ್ನಿನ ಫೋಟೋ ತೆಗೆದರು, ರಕ್ತ ತೆಗೆದರು. ಬೆನ್ನುಮೂಳೆಯಲ್ಲಿ ಏನೋ ಇದೆ, ನವಿ ಮುಂಬಯಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎಂದರು. ಕಾಕಾರ ಹೆಂಡತಿ ಮರೆಮ್ಮ ನನ್ನನ್ನು ಕರೆಸಿ, ಇಂಗ್ಲಿಷ್ ಓದುವವನು ನೀನೇ, ಜೊತೆಗೆ ಹೋಗು ಎಂದರು. ರಿಪೋರ್ಟಿನ ಮೇಲೆ ಪಿಎಸ್‌ಎ ಎಂದು ಕಂಡಾಗ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದ ಹಾಗೆ ನನಗೆ ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ಮುಂದಿನ ಅಂಕಿ ಓದಿದೆ. ಅದರ ಪಕ್ಕ ಇಟ್ಟರೆ ಮಾವನದ್ದು ಅಂಕಿಯೇ ಅಲ್ಲ.

ಆಸ್ಪತ್ರೆಯ ಡಾಕ್ಟರರು ನನ್ನ ಅಕ್ಕನ ಪ್ರಾಯದ ಹೆಂಗಸು. ಮೊದಮೊದಲು ನನ್ನನ್ನು ನೋಡಿಯೇ ಮಾತಾಡುತ್ತಿದ್ದರು. ರೋಗ ನನಗ ಬಂದದ, ನನ್ನ ಜೋಡಿ ಮಾತಾಡ್ರಿ ಎಂದು ಕಾಕಾ ತಮ್ಮ ತುರ್ಭೆ ಮಾರ್ಕೆಟ್ಟಿನ ಹಿಂದಿಯಲ್ಲಿ ಹೇಳಿದ ಮೇಲೆ ಅವರು ಕುರ್ಚಿಯನ್ನೇ ತಿರುಗಿಸಿ ಕೂತರು. ಎಲ್ಲವನ್ನೂ ಬಿಡಿಸಿ ಹೇಳಿದರು. ಪ್ರಾಸ್ಟೇಟಿನಿಂದ ರೋಗ ಬೆನ್ನುಮೂಳೆಗೆ ಹೋಗಿದೆ. ಪೂರ್ತಿ ವಾಸಿ ಮಾಡಲು ಆಗುವುದಿಲ್ಲ, ತಡೆದು ಇಡಬಹುದು. ಬೆನ್ನಿಗೆ ಕಿರಣ ಕೊಡುತ್ತಾರೆ, ಕಾಲಿಗೆ ಬಲ ಬರಬಹುದು. ಗಂಡಸಿನ ಹಾರ್ಮೋನು ಈ ರೋಗಕ್ಕೆ ಗೊಬ್ಬರವಿದ್ದಂತೆ, ಅದನ್ನು ನಿಲ್ಲಿಸಬೇಕು. ಅದಕ್ಕೆ ಕೆಲವು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತ ಇರಬಹುದು, ಇಲ್ಲವೇ ಒಂದೇ ಸಲ ಸಣ್ಣ ಆಪರೇಶನ್ ಮಾಡಿ ಬೀಜ ತೆಗೆಸಿಬಿಡಬಹುದು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಕಾಕಾ ನೋಡಲಿಲ್ಲ. ಪ್ರತಿಸಲ ರಜೆ ಕೇಳಿಕೊಂಡು ಇಷ್ಟು ದೂರ ಬರಲು ನನಗಾಗದು, ಒಂದೇ ಸಲದ್ದು ಮಾಡಿ ಎಂದರು. ಯಾವ ಪೆಟ್ಟಿಗೆಯನ್ನು ಮೊದಲು ಇಳಿಸಬೇಕು ಎಂದು ಹೇಳುವ ದನಿಯೇ ಅದು.

ಇನ್ನು ಮೇಲೆ ಭಾರ ಎತ್ತುವಂತಿಲ್ಲ, ಬೆನ್ನುಮೂಳೆ ಮುರಿಯಬಹುದು ಎಂದು ಡಾಕ್ಟರರು ಎಚ್ಚರಿಸಿದರು. ಆಮೇಲೆ ಬೀಡಿಯ ವಿಷಯ ತೆಗೆದರು. ರೋಗ ಬೀಡಿಯಿಂದಲೇ ಬಂತು ಎಂದು ನಾನು ಹೇಳಲಾರೆ, ಆದರೆ ಸೇದುವವರಲ್ಲಿ ಇದು ಹೆಚ್ಚು ಜೋರಾಗಿರುವುದನ್ನು, ಬೇಗ ಕೊಲ್ಲುವುದನ್ನು ಕಾಣುತ್ತೇವೆ, ಈಗ ಬಿಟ್ಟರೂ ತಡವಾಗಿಲ್ಲ ಎಂದರು.

ನನ್ನೊಳಗಿನ ಅರ್ಧ ಡಾಕ್ಟರ್ ಸುಮ್ಮನಿರಲಿಲ್ಲ. ನನ್ನ ಮಾವನೂ ಜೀವನವಿಡೀ ಸೇದಿದವರು, ಪ್ರಾಯವೂ ಇಷ್ಟೇ, ಅವರಿಗೆ ಅಷ್ಟು ಹಗುರ, ಇವರಿಗೆ ಯಾಕೆ ಇಷ್ಟು ಜೋರು ಎಂದು ಕೇಳಿದೆ. ಡಾಕ್ಟರರು ಪೆನ್ನು ಕೆಳಗಿಟ್ಟರು. ಅಮೆರಿಕದಲ್ಲಿ ಕಪ್ಪು ಜನರಿಗೆ ಈ ರೋಗ ಹೆಚ್ಚು ಬರುತ್ತದೆ, ಹೆಚ್ಚು ಜನರನ್ನು ಕೊಲ್ಲುತ್ತದೆ. ಅದು ದೇಹದೊಳಗಿನ ಕಾರಣವೋ, ಸೇದುವುದೋ, ತಡವಾಗಿ ಆಸ್ಪತ್ರೆಗೆ ಬರುವುದೋ, ಬದುಕಿದ ರೀತಿಯೋ ಎಂದು ಅಲ್ಲಿ ಬಹಳ ಕಾಲದಿಂದ ಚರ್ಚೆ ನಡೆದಿದೆ. ನಮ್ಮಲ್ಲಿ ಯಾವ ಜನ, ಯಾವ ಕೆಲಸದವರು ಎಂದು ಸರಿಯಾಗಿ ಲೆಕ್ಕ ಇಟ್ಟವರೇ ಕಡಿಮೆ. ಆದರೆ ಹಮಾಲಿ, ಗೌಂಡಿ ಕೆಲಸದವರು ನನ್ನ ಮುಂದೆ ಬಂದು ಕೂರುವಾಗ ರೋಗ ಸಾಮಾನ್ಯವಾಗಿ ಮೂಳೆಗೆ ಹೋಗಿರುತ್ತದೆ ಎಂದರು.

ಕಾಕಾ ಯೋಚಿಸಿ ಒಂದೇ ಪ್ರಶ್ನೆ ಕೇಳಿದರು. ಅಲ್ಲಿ ಆ ಕಪ್ಪು ಜನ ಏನು ಕೆಲಸ ಮಾಡುತ್ತಾರೆ, ಭಾರ ಹೊರುತ್ತಾರೇನು?

ಎಲ್ಲ ಕೆಲಸವೂ ಮಾಡುತ್ತಾರೆ, ಭಾರ ಹೊರುವವರೂ ಬಹಳ ಇದ್ದಾರೆ ಎಂದು ಡಾಕ್ಟರರು ಹೇಳಿದರು. ಕಾಕಾ ತಲೆಯಾಡಿಸಿದರು. ಮಾಡುವ ಕೆಲಸಕ್ಕೂ ಈ ರೋಗಕ್ಕೂ ನಂಟಿದೆಯೇ ಎಂದು ನಾವೂ ಕೇಳಿಕೊಳ್ಳುತ್ತಿದ್ದೇವೆ ಎನ್ನುತ್ತ ಡಾಕ್ಟರರು ಮತ್ತೆ ಪೆನ್ನು ತೆಗೆದುಕೊಂಡರು.

ನನ್ನ ಹೆಗಲಿಗೆ ಒರಗಿ ಕಾಲೆಳೆದುಕೊಂಡು ಹತ್ತಿದ ಕಾಕಾಗೆ ಠಾಣೆಗೆ ಮರಳುವ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ನೆರೂಳು ಬಂದಾಗ ಅವರು ಹೊರಗೆ ಬೆರಳು ತೋರಿಸಿ, ಆ ಹಳದಿ ಬಿಲ್ಡಿಂಗು, ಅದರ ಹಿಂದಿನದು, ಎರಡಕ್ಕೂ ಇಟ್ಟಿಗೆ ಹೊತ್ತಿದ್ದೇನೆ ಎಂದರು. ಕಿಸೆಯಿಂದ ಬೀಡಿ ಕಟ್ಟು ತೆಗೆದು, ದಾರ ಸಡಿಲಿಸಿ, ಮತ್ತೆ ಬಿಗಿದು ಒಳಗಿಟ್ಟರು. ಬಿಡುವುದು ಕಷ್ಟವೇ ಎಂದು ಕೇಳಿದೆ.

"ಬೀಡಿ ಬಿಡೂದು ದೊಡ್ಡದಲ್ಲ ತಮ್ಮಾ. ನಾ ಬಿಟ್ರ ಆ ಹುಡುಗ್ರು ಹ್ಯಾಂಗ ಕುಂದರಬೇಕು?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೆಲಸಕ್ಕೆ ಬಾರದ ಉಪಾಯಗಳನ್ನೆಲ್ಲ ಹೇಳಿದೆ. ಲಕ್ಷ್ಮೀಕಾಂತರಿಗೆ ಅರ್ಜಿ ಕೊಡೋಣ ಎಂದೆ. ಅರ್ಜಿ ಕೊಟ್ಟ ಟೋಳಿಯನ್ನು ಮರುದಿನ ಬದಲಾಯಿಸುತ್ತಾರೆ ಎಂದರು. ಹಾಗಾದರೆ ಬೀಡಿ ಹಚ್ಚುವ ಕೆಲಸ ಜೈಭೀಮನಿಗೆ ಕೊಡಿ, ಅವನು ಹೇಗೂ ಸೇದುತ್ತಾನಲ್ಲ ಎಂದೆ.

ಅವರು ನನ್ನತ್ತ ತಿರುಗಿದರು. "ನನ್ನ ಜೀವ ಉಳೀಲಿ ಅಂತ ಅವನ ಎದಿ ಸುಡಬೇಕೇನು?"

ತುರ್ಭೆ, ಕೋಪರ್‌ಖೈರಣೆ, ಘಣಸೋಲಿ ಬಂದು ಹೋದವು.

ಅವರು ಕಂಡುಕೊಂಡ ದಾರಿಯನ್ನು ಆಪರೇಶನ್ನಿಗೆ ಮುಂಚೆ, ಕಿರಣ ಕೊಟ್ಟು ಕಾಲಿಗೆ ಸ್ವಲ್ಪ ಬಲ ಬಂದ ಮೇಲೆ ನೋಡಿದೆ. ಕೋಲೂರಿಕೊಂಡು ಗೋದಾಮಿಗೆ ಬರುತ್ತಿದ್ದರು. ಭಾರ ಎತ್ತದೆ ನಿಂತು ಟೋಳಿಯನ್ನು ನಡೆಸುತ್ತಿದ್ದರು. ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿ ಕೂತು ಬೀಡಿ ಹಚ್ಚುತ್ತಿದ್ದರು. ಹಚ್ಚಲು ಬೇಕಾದ ಒಂದು ದಮ್ಮು, ಅಷ್ಟೇ. ಆಮೇಲೆ ಬೆರಳ ನಡುವೆ ಹಿಡಿದು ಕೂರುತ್ತಿದ್ದರು. ಸೇದದ ಬೀಡಿ ಬೇಗ ಆರುತ್ತದೆ. ಆರಿದರೆ ಹುಡುಗರು ಏಳಬೇಕು. ಆದ್ದರಿಂದ ಮತ್ತೆ ಬಾಯಿಗಿಟ್ಟು ಎಳೆಯಬೇಕು. ಎಳೆದಾಗ ಕಣ್ಣು ಮುಚ್ಚುತ್ತಿತ್ತು. ಅದು ನೋವೋ ಸುಖವೋ ನನಗೆ ತಿಳಿಯುತ್ತಿರಲಿಲ್ಲ.

ಕಲ್ಯಾಣದ ನೇತಿವಲಿ ಗುಡ್ಡದ ಸಾಲುಮನೆಗಳ ಚಾಳಿನಲ್ಲಿ ಅವರ ಮನೆ. ಔಷಧಿ ಕೊಡಲು ಹೋದಾಗ ಮರೆಮ್ಮ ಚಹಾ ಕೊಟ್ಟು ನನ್ನೆದುರೇ ನೆಲದ ಮೇಲೆ ಕೂತರು. ಸೊಸೈಟಿಯೊಂದರ ಮೆಟ್ಟಿಲು ಗುಡಿಸಿ ಆಗಷ್ಟೇ ಬಂದಿದ್ದರು. ಕಾಕಾ ಗೋಡೆಗೆ ಒರಗಿ, ಕೇಳಿಸದವರಂತೆ ಟಿವಿ ನೋಡುತ್ತಿದ್ದರು.

"ಸೇದಂಗಿಲ್ಲ, ಬರೇ ಹಿಡೀತೀನಿ ಅಂತಾನ ನಿಮ್ಮ ಕಾಕಾ," ಎಂದರು ಮರೆಮ್ಮ. "ನೀ ಓದಿದಾಂವ ಹೇಳು. ಉರಿಯೋ ಕೊಳ್ಳಿ ಬರೇ ಹಿಡದ್ರ ಕೈ ಸುಡಂಗಿಲ್ಲೇನು?"

ಪುಸ್ತಕ ಹಿಡಿದು ಕೂತಿದ್ದ ಮಗಳು ಮಲ್ಲಿಕಾ ಹಿಂದಿಯಲ್ಲಿ, ಪಪ್ಪಾ ಸುಳ್ಳು ಹೇಳುತ್ತಾರೆ, ಅಂಗಿ ಒಗೆಯುವವಳು ನಾನು, ನನಗೆ ವಾಸನೆ ಗೊತ್ತಾಗುತ್ತದೆ ಎಂದಳು. ಕಾಕಾ ಟಿವಿಯ ದನಿ ಏರಿಸಿದರು. ಮರೆಮ್ಮ ಎದ್ದು ಹೋಗಿ ಅದನ್ನು ಆರಿಸಿ ಬಂದರು.

"ಟೋಳಿ ಟೋಳಿ ಅಂತಿ. ನೀ ಹೋದ ಮ್ಯಾಲ ಟೋಳಿಗೆ ಇನ್ನೊಬ್ಬ ಮುಕಾದಮ ಸಿಗ್ತಾನ. ಇವಳಿಗೆ ಇನ್ನೊಬ್ಬ ಅಪ್ಪ ಎಲ್ಲಿ ತರ್ಲಿ?"

ಕಾಕಾ ಆರಿದ ಟಿವಿಯನ್ನೇ ನೋಡುತ್ತಿದ್ದರು. ನನ್ನ ಕೈಯಲ್ಲಿ ಚಹಾದ ಕಪ್ಪು, ಕುಡಿಯುವುದೋ ಇಡುವುದೋ ಗೊತ್ತಾಗಲಿಲ್ಲ. ಆಮೇಲೆ ಕಾಕಾ ಕಿಸೆಯಿಂದ ಬೀಡಿ ಕಟ್ಟು ತೆಗೆದು ಹೆಂಡತಿಯ ಕಡೆ ನೆಲದ ಮೇಲೆ ಸರಿಸಿದರು. ಕಡ್ಡಿಪೆಟ್ಟಿಗೆ ಕೊಡಲಿಲ್ಲ. ಅದು ಸ್ಟವ್ ಹಚ್ಚಲು ಬೇಕಾಗುತ್ತದೆ ಎಂದು ಮರೆಮ್ಮನೇ ಆಮೇಲೆ ಕೇಳಿ ತೆಗೆದುಕೊಂಡರು.

ಆ ಭಾನುವಾರ ಮಾವನ ಮನೆಗೆ ಹೋಗಿದ್ದೆ. ಎಲ್ಲವನ್ನೂ ಹೇಳಿದೆ. ಮಾವ ಮರುಗಿದರು. ಮೂಸಂಬಿ ಕೊಡುತ್ತೇನೆ, ತೆಗೆದುಕೊಂಡು ಹೋಗು ಎಂದರು. ಆಮೇಲೆ ನಮ್ಮ ಮನೆಮಾತು ತುಳುವಿನಿಂದ ಕನ್ನಡಕ್ಕೆ ತಿರುಗಿ, ತಿಳಿದವರ ದನಿಯಲ್ಲಿ ಹೇಳಿದರು:

"ಅವರದ್ದು ಹಾಗೆಯೇ ಮಾರಾಯ. ಆ ಜಾತಿಯವರ ರಕ್ತವೇ ಬೇರೆ. ರೋಗ ಬಂದರೆ ಜೋರಾಗಿಯೇ ಬರುವುದು."

ನಾನು ಅವರ ಟೈ ಕಟ್ಟಿಕೊಂಡು ಮೊದಲ ಕೆಲಸಕ್ಕೆ ಹೋದವನು, ಎದುರಾಡಿ ಅಭ್ಯಾಸವಿಲ್ಲ. ಬೇರೆ ಮಾತು ತೆಗೆದೆ. ಮಾವಾ, ನೀವು ಸಿಗರೇಟು ಕಲಿತದ್ದು ಎಲ್ಲಿ ಎಂದು ಕೇಳಿದೆ. ಅವರಿಗೆ ಆ ಕತೆ ಹೇಳುವುದೆಂದರೆ ಖುಷಿ. ಊರಿನಿಂದ ಬಂದು ಠಾಣೆ ಸ್ಟೇಷನ್ನಿನ ಬಳಿ ಹೊಟೇಲಿನಲ್ಲಿ ಮೇಜು ಒರೆಸುತ್ತಿದ್ದಾಗ, ಬೆಳಗಿನಿಂದ ನಿಂತೇ ಇರಬೇಕಿತ್ತಂತೆ. ಸುಮ್ಮನೆ ಹಿಂಬಾಗಿಲಿಗೆ ಹೋದರೆ ಸೇಟು ಬೈಯುತ್ತಿದ್ದ, ಸಿಗರೇಟಿಗೆ ಎಂದರೆ ಬಿಡುತ್ತಿದ್ದ. "ಹಾಗೆ ಒಂದು ಕ್ಷಣ ಕೂರ್ಲಿಕ್ಕಾದರೂ..." ಎಂದು ನಗುತ್ತ ಹೇಳುತ್ತಿದ್ದವರು ನಡುವೆ ನಿಲ್ಲಿಸಿದರು. ಒಳಗೆ ಹೋಗಿ ಮೂಸಂಬಿಯ ಚೀಲ ತಂದು ಕೊಟ್ಟರು. ಬಹಳ ಭಾರವಿತ್ತು. ಮನೆಯಲ್ಲಿದ್ದದ್ದನ್ನೆಲ್ಲ ತುಂಬಿದ್ದರು.

ಮಾವ ಮೇಜು ಒರೆಸುವುದರಿಂದ ಹಣ ಎಣಿಸುವ ಗಲ್ಲೆಗೆ ಹೋದರು, ಗಲ್ಲೆಯಿಂದ ಪಾಲಿಗೆ, ಪಾಲಿನಿಂದ ರಕ್ತ ಪರೀಕ್ಷೆಯ ಶಿಬಿರ ಇರುವ ಸೊಸೈಟಿಗೆ. ಕಾಕಾ ಇಟ್ಟಿಗೆಯಿಂದ ಈರುಳ್ಳಿಗೆ ಹೋದರು, ಈರುಳ್ಳಿಯಿಂದ ವಾಷಿಂಗ್ ಮಶೀನಿಗೆ. ರಕ್ತದ ವಿಷಯ ಡಾಕ್ಟರರಿಗೇ ಇನ್ನೂ ಪೂರ್ತಿ ತಿಳಿದಿಲ್ಲ, ನಾನು ಏನು ಹೇಳಲಿ? ನನಗೆ ಕಂಡದ್ದು ಇಷ್ಟೇ: ಇಬ್ಬರೂ ಕೂರುವುದಕ್ಕಾಗಿ ಸೇದಿದವರು. ಒಬ್ಬರಿಗೆ ನಡುವೆ ಎಲ್ಲೋ ಕುರ್ಚಿ ಸಿಕ್ಕಿತು.

ಆಪರೇಶನ್ ಆಯಿತು. ಕಾಕಾ ಮೊದಲಿಗಿಂತ ಸೊರಗಿದರು, ಒಮ್ಮೊಮ್ಮೆ ಮೈ ಬಿಸಿಯಾಗಿ ಬೆವರುತ್ತಿದ್ದರು. ನೋವು ಕಡಿಮೆಯಾಯಿತು, ರಕ್ತದ ಅಂಕಿಯೂ ಇಳಿಯಿತು. ಇನ್ನೆಷ್ಟು ಕಾಲ ಎಂದು ಡಾಕ್ಟರರು ಹೇಳಲಿಲ್ಲ, ಕಾಕಾ ಕೇಳಲೂ ಇಲ್ಲ. ಬೀಡಿ ಮಾತ್ರ ಮತ್ತೆ ಮುಟ್ಟಲಿಲ್ಲ. ಈ ವರ್ಷದ ಬೇಸಿಗೆಯಲ್ಲಿ ಮುಕಾದಮರಾಗಿಯೇ ಕೆಲಸಕ್ಕೆ ಮರಳಿದರು. ಎತ್ತುವುದಿಲ್ಲ, ಎತ್ತಿಸುವುದು ಎಂಬ ಕರಾರಿನ ಮೇಲೆ ಲಕ್ಷ್ಮೀಕಾಂತರು ಒಪ್ಪಿದ್ದರು. ಅದು ಅವರ ಒಳ್ಳೆಯತನವೇ.

ಮರಳಿದ ಮೊದಲ ದಿನ ಮುಂಬಯಿ ಆಫೀಸಿನಿಂದ ದೊಡ್ಡ ಸಾಹೇಬರು ಗೋದಾಮು ನೋಡಲು ಬರುವವರಿದ್ದರು. ತಗಡಿನ ಚಾವಣಿಯ ಕೆಳಗೆ ಉಸಿರಾಡಲೂ ಬೇಸರವಾಗುವಂಥ ಸೆಕೆ. ಲಾರಿಯ ಹಿಂದೆ ಲಾರಿ ಬಂದು ನಿಂತಿತ್ತು. ಅಭ್ಯಾಸದ ಹೊತ್ತು ಬಂತು. ಹುಡುಗರ ಕಣ್ಣು ಆಗಾಗ ಕಾಕಾರ ಕಿಸೆಯತ್ತ ಹೋಗುತ್ತಿತ್ತು. ಅವರು ಕೋಲೂರಿ ನಿಂತೇ ಇದ್ದರು. ಇನ್ನೊಂದು ಲಾರಿಯ ಬಾಗಿಲು ತೆರೆಯಿತು. ಒಬ್ಬ ಹುಡುಗನ ಕೈ ಜಾರಿ ಪೆಟ್ಟಿಗೆಯ ಮೂಲೆ ನೆಲಕ್ಕೆ ಬಡಿಯಿತು. ಜೈಭೀಮ ತನ್ನ ಕಿಸೆಯಿಂದ ಬೀಡಿ ಕಟ್ಟು ತೆಗೆದ. ಕಾಕಾ ಕೋಲಿನ ತುದಿಯಿಂದ ಅವನ ಕೈಯನ್ನು ತಗ್ಗಿಸಿದರು.

ಆಮೇಲೆ ಅವರು ನಡೆದು ಹೋಗಿ ಗೋಡೆಯ ಬಳಿಯ ಹಲಗೆಗಳ ಮೇಲೆ ಕೂತರು. ಕೋಲನ್ನು ಪಕ್ಕಕ್ಕಿಟ್ಟು, ಎರಡೂ ಕೈ ತೊಡೆಯ ಮೇಲೆ ಬಿಚ್ಚಿ ಇಟ್ಟುಕೊಂಡರು. ಕೈಯಲ್ಲಿ ಏನೂ ಇರಲಿಲ್ಲ.

ಟೋಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬೀಡಿ ಹೊತ್ತಿಲ್ಲ, ಕಾಕಾ ಕೂತಿದ್ದಾರೆ. ಮೊದಲು ಜೈಭೀಮ ಪೆಟ್ಟಿಗೆ ಇಳಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆಮೇಲೆ ಒಬ್ಬೊಬ್ಬರಾಗಿ, ಕಳ್ಳತನಕ್ಕೆ ಬಂದವರಂತೆ ಅತ್ತಿತ್ತ ನೋಡುತ್ತ ಕೂತರು. ನನ್ನ ಮಶೀನು ಟಿಕ್ ಅನ್ನುವುದು ನಿಂತಿತು. ನಾನೂ ಹೊರಗೆ ಹೋದೆ. ಕಾಕಾರ ಪಕ್ಕ ಕೂರುವ ಧೈರ್ಯ ಬರಲಿಲ್ಲ, ಮೊದಲ ದಿನದಂತೆ ಎದುರಿಗೆ ನಿಂತುಕೊಂಡೆ.

ಅಷ್ಟರಲ್ಲಿ ಗಾಜಿನ ಕೋಣೆಯ ಬಾಗಿಲು ತೆರೆದು ಲಕ್ಷ್ಮೀಕಾಂತರು ಬಂದರು. ಜೊತೆಗೆ ಮುಂಬಯಿಯ ಸಾಹೇಬರು. ಸಾಹೇಬರು ಕೂತಿದ್ದ ಟೋಳಿಯನ್ನು ನೋಡಿದರು, ಕಾಯುತ್ತಿದ್ದ ಲಾರಿಗಳನ್ನು ನೋಡಿದರು, ಆಮೇಲೆ ಲಕ್ಷ್ಮೀಕಾಂತರನ್ನು ನೋಡಿದರು. ಲಕ್ಷ್ಮೀಕಾಂತರ ಕಣ್ಣು ಕಾಕಾರ ಕೈಗೆ ಹೋಯಿತು. ಬೀಡಿ ಹುಡುಕಿತು. ಅದಿದ್ದರೆ ಅವರು ಸಾಹೇಬರಿಗೆ ಏನಾದರೂ ಹೇಳಿ ದಾಟಿಸುತ್ತಿದ್ದರು. ಹತ್ತಿರ ಬಂದು ಬಗ್ಗಿ, ಸಾಹೇಬರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಕೇಳಿದರು.

"ಶಿವರಾಯಪ್ಪ, ನೀವು ಬೀಡಿ ಬಿಟ್ಬಿಟ್ಟಿದ್ದೀರಲ್ಲ. ಸಾಹೇಬ್ರು 'ಮತ್ಯಾಕೆ ಕೂತಿದ್ದಾರೆ' ಅಂದ್ರೆ ನಾನ್ ಏನ್ ಹೇಳ್ಲಿ?"

ಕಾಕಾರ ಕೈ ಅಭ್ಯಾಸದಿಂದ ಕಿಸೆಯತ್ತ ಹೋಗಿ, ನಡುವೆಯೇ ನಿಂತು, ಮತ್ತೆ ತೊಡೆಯ ಮೇಲೆ ಬಂದು ಕೂತಿತು. ಅವರು ತಲೆಯೆತ್ತಿ ಲಕ್ಷ್ಮೀಕಾಂತರನ್ನಲ್ಲ, ಸಾಹೇಬರನ್ನು ನೋಡಿದರು.

"ದಣದೀನ್ರಿ."